ಅಕ್ಕ ಅಮ್ಮನನ್ನು ನೋಡಿಕೊಳ್ಳುತ್ತಿದ್ದಾಳೆ. ಅಕ್ಕನನ್ನು ನಾನು ಹೇಗೆ ನೋಡಿಕೊಳ್ಳಲಿ?

ದೂರದ ತಮ್ಮ

ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್. ಹೊಟ್ಟೆಯೊಳಗೆಲ್ಲ ಹರಡಿದೆ. ಮೂರನೇ ಬಗೆಯ ಕೀಮೋ ಕೂಡ ಕೈ ಹಿಡಿಯಲಿಲ್ಲ. "ಇನ್ನು ಗಡ್ಡೆಯ ಹಿಂದೆ ಓಡುವುದು ಬೇಡ, ನೋವಿಲ್ಲದ ಹಾಗೆ ನೋಡಿಕೊಳ್ಳೋಣ" ಎಂದು ಡಾಕ್ಟರ್ ಹೇಳಿ ಐದು ವಾರ ಆಯಿತು. ಅಮ್ಮ ಅಕ್ಕನ ಮನೆಯಲ್ಲಿದ್ದಾಳೆ. ನಾನು ಅಲ್ಲಿಂದ ಒಂದು ದಿನದ ಪ್ರಯಾಣದಷ್ಟು ದೂರ.

ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತೇನೆ. ಅಮ್ಮ ಊಟ ಮಾಡಿದಳಾ, ಮಾತ್ರೆ ತಗೊಂಡಳಾ, ಕಾಲಿನ ಊತ ಇಳಿಯಿತಾ, ಡಾಕ್ಟರ್ ಏನೆಂದರು. ಓದಿದ್ದನ್ನೆಲ್ಲ ಅಕ್ಕನಿಗೆ ಕಳಿಸುತ್ತೇನೆ. ಕೊನೆಗೆ "ಏನಾದ್ರೂ ಬೇಕಿದ್ರೆ ಹೇಳು" ಅನ್ನುತ್ತೇನೆ. ಅವಳು "ಏನೂ ಬೇಡ" ಅನ್ನುತ್ತಾಳೆ. ಇಷ್ಟು ದಿನ ಅದನ್ನು ನಂಬಿಕೊಂಡಿದ್ದೆ.

ಹೋದ ಭಾನುವಾರ ಅವಳು ಮಾತಿನ ಮಧ್ಯೆ ಸುಮ್ಮನಾದಳು. ಆಮೇಲೆ ಹೇಳಿದಳು: "ನಿನಗೆ ಉತ್ತರ ಕೊಡೋದೂ ನನಗೆ ಇನ್ನೊಂದು ಕೆಲಸ ಆಗಿದೆ ಕಣೋ." ಫೋನ್ ಇಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೂ ಚೆನ್ನಾಗಿತ್ತು ಅನಿಸಿತು, ಅಷ್ಟು ಸುಸ್ತಾಗಿತ್ತು ಆ ದನಿ.

ಐದು ವಾರದಲ್ಲಿ ಒಂದು ಸಲವೂ "ನೀನು ನಿದ್ದೆ ಮಾಡಿದೆಯಾ" ಎಂದು ನಾನು ಕೇಳಿಲ್ಲ. ಅದು ಆಗ ಹೊಳೆಯಿತು. ಈ ದಾರಿಯಲ್ಲಿ ನಡೆದವರು ದಯವಿಟ್ಟು ಹೇಳಿ. ನಿಮಗೆ ಯಾವುದು ನಿಜವಾಗಿ ಆಸರೆ ಆಯಿತು?

ಮೂರನೇ ಪಾಳಿ

ನನ್ನ ಗಂಡನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇತ್ತು. ಏಳು ತಿಂಗಳು ನಾನೊಬ್ಬಳೇ ನೋಡಿಕೊಂಡೆ. ನಿಮ್ಮ ಅಕ್ಕ "ಏನೂ ಬೇಡ" ಅನ್ನುವುದು ಸುಳ್ಳಲ್ಲ. ಏನು ಬೇಕು ಎಂದು ಯೋಚಿಸುವುದಕ್ಕೂ ತಲೆಯಲ್ಲಿ ಸ್ವಲ್ಪ ಜಾಗ ಬೇಕು ಅಲ್ವಾ? ಆ ಜಾಗವೇ ಇರುವುದಿಲ್ಲ.

ಒಂದು ರಾತ್ರಿ ಹೇಗಿರುತ್ತದೆ ಹೇಳುತ್ತೇನೆ. ಹತ್ತಕ್ಕೆ ಮಾರ್ಫಿನ್ ಸಿರಪ್. ಹನ್ನೆರಡಕ್ಕೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಹತ್ತಿರ ಹುಣ್ಣಾಗುತ್ತದೆ. ಎರಡಕ್ಕೆ ಮತ್ತೆ ಸಿರಪ್. ಲೈಟ್ ಹಾಕಿದರೆ ಅವರಿಗೆ ಪೂರ್ತಿ ಎಚ್ಚರವಾಗುತ್ತದೆ ಎಂದು ಮೊಬೈಲನ್ನು ಗದ್ದ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಆ ಬೆಳಕಿನಲ್ಲಿ ಸಿರಿಂಜಿನ ಗೆರೆ ನೋಡುತ್ತಿದ್ದೆ. ಕೊಟ್ಟ ಹೊತ್ತನ್ನು ಒಂದು ಹಳೇ ಲಕೋಟೆಯ ಹಿಂದೆ ಬರೆಯುತ್ತಿದ್ದೆ. ಒಂದು ರಾತ್ರಿ ಕೊಟ್ಟೆನೋ ಇಲ್ಲವೋ ನೆನಪೇ ಆಗಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು, ಬಾಟಲಿಯಲ್ಲಿ ಉಳಿದದ್ದನ್ನು ಸಿರಿಂಜಿನಿಂದ ಎಳೆದು ಎಳೆದು ಅಳೆದೆ. ಕೈ ನಡುಗುತ್ತಿತ್ತು. ಬೆಳಗ್ಗೆ ಏಳಕ್ಕೆ ಮೊದಲ ಫೋನ್: "ರಾತ್ರಿ ಹೇಗಿದ್ರು?"

ಅವರು ಹೇಗಿದ್ದರು ಎಂದು ಕೇಳಿದವರು ನೂರು ಜನ ಇರಬಹುದು. ನನ್ನ ಕೈ ನಡುಗಿದ್ದನ್ನು ಕೇಳಿದವರು ಒಬ್ಬರು. ನನ್ನ ಹಳೆಯ ಸಹೋದ್ಯೋಗಿ. ಅವಳು ಏನು ಬೇಕು ಎಂದು ಕೇಳಲಿಲ್ಲ. "ಬುಧವಾರ ಎರಡರಿಂದ ಐದು ನಾನು ಬಂದು ಕೂತಿರುತ್ತೇನೆ, ನೀನು ಒಳಗೆ ಹೋಗಿ ಮಲಗು, ಮಲಗದಿದ್ದರೂ ಸರಿ" ಅಂದಳು. ಪ್ರತಿ ಬುಧವಾರ ಬಂದಳು. ಒಂದು ವಾರವೂ ತಪ್ಪಿಸಲಿಲ್ಲ. ಮೊದಲ ಬುಧವಾರ ನಾನು ಮಲಗಲಿಲ್ಲ, ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಎರಡನೇ ಬುಧವಾರದಿಂದ ಮಲಗಿದೆ. ಮಂಗಳವಾರ ರಾತ್ರಿ ಎಷ್ಟೇ ಕಷ್ಟವಾದರೂ "ನಾಳೆ ಎರಡು ಗಂಟೆ" ಎಂದು ಒಂದು ಗೂಟ ಸಿಕ್ಕಿತ್ತು ನನಗೆ, ಹಿಡಿದುಕೊಳ್ಳುವುದಕ್ಕೆ.

"ಬೇಕಿದ್ರೆ ಹೇಳು" ಅಂದರೆ ಕೇಳುವ ಕೆಲಸ ನನ್ನ ಮೇಲೆ. "ಬುಧವಾರ ಬರುತ್ತೇನೆ" ಅಂದರೆ ನಾನು ಹೂಂ ಅಂದರೆ ಸಾಕು.

ಹಳೇ ನರ್ಸ್

ಉಪಶಾಮಕ ಆರೈಕೆಯಲ್ಲಿ, ಅಂದರೆ ಕಾಯಿಲೆಯ ನೋವು, ಸಂಕಟ ಕಡಿಮೆ ಮಾಡುವ ಆರೈಕೆಯಲ್ಲಿ, 19 ವರ್ಷ ಕೆಲಸ ಮಾಡಿದ್ದೇನೆ, ಹೆಚ್ಚಿನದು ಮನೆಗಳಿಗೆ ಹೋಗಿ ನೋಡುವ ಕೆಲಸ. ಮೇಲೆ ಬರೆದವರ ಒಂದೊಂದು ಮಾತೂ ನಿಜ.

ನೋಡಿಕೊಳ್ಳುವವರಿಗೆ ಎರಡು ಮುಖ ಇವೆ. ಒಂದು ಕಡೆ ಅವರು ನಮ್ಮ ಜೊತೆ ಕೆಲಸ ಮಾಡುವವರು. ಔಷಧ ಕೊಡುವುದು, ಗಾಯ ತೊಳೆಯುವುದು, ನೋವು ಜಾಸ್ತಿ ಆಯಿತೇ ಎಂದು ಗಮನಿಸುವುದು, ಎಲ್ಲ ಅವರೇ. ಇನ್ನೊಂದು ಕಡೆ ಅವರಿಗೂ ಆರೈಕೆ ಬೇಕು. ನಾವು ಆಸ್ಪತ್ರೆಯವರು ಮೊದಲನೆಯದನ್ನು ಚೆನ್ನಾಗಿ ಬಳಸಿಕೊಂಡು ಎರಡನೆಯದನ್ನು ಮರೆಯುತ್ತೇವೆ. ಇದು ಹೊಸ ಮಾತೇನೂ ಅಲ್ಲ. ಸಿಸಿಲಿ ಸಾಂಡರ್ಸ್ ಎಂಬ ಬ್ರಿಟಿಷ್ ವೈದ್ಯೆ 1967ರಲ್ಲಿ ಲಂಡನ್ನಿನಲ್ಲಿ ಕೊನೆಗಾಲದ ರೋಗಿಗಳ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ತೆರೆದಾಗಲೇ ಮನೆಯವರನ್ನೂ ಆರೈಕೆಯೊಳಗೆ ಸೇರಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಕೊಟ್ಟ ವಿವರಣೆಯಲ್ಲೂ ರೋಗಿ ಮತ್ತು ಕುಟುಂಬ ಎರಡೂ ಇವೆ, ಸಾವಿನ ನಂತರದ ದುಃಖಕ್ಕೆ ನೆರವು ಕೊಡುವುದೂ ಇದೆ. ಕಾಗದದ ಮೇಲೆ ಇದೆ. ಮನೆಯ ಬಾಗಿಲಿಗೆ ಬಂದದ್ದು ಕಡಿಮೆ.

ಬ್ರಿಟನ್ನಿನ ಗೇಲ್ ಯೂಯಿಂಗ್ ಮತ್ತು ಗುನ್ ಗ್ರಾಂಡೆ ಎಂಬ ಸಂಶೋಧಕರು ನೋಡಿಕೊಳ್ಳುವವರಿಗೆಂದೇ ಒಂದು ಪ್ರಶ್ನೆಪಟ್ಟಿ ಮಾಡಿದರು. ಮೊದಲು ಅದರಲ್ಲಿ 14 ವಿಷಯ ಇದ್ದವು. ಔಷಧ ಕೊಡುವುದು ಗೊತ್ತಿದೆಯೇ, ಮುಂದೆ ಏನಾಗುತ್ತದೆ ಎಂದು ಯಾರಾದರೂ ಹೇಳಿದ್ದಾರೆಯೇ, ರಾತ್ರಿ ಯಾರಿಗೆ ಫೋನ್ ಮಾಡಬೇಕು ಗೊತ್ತೇ ಎಂಬುದು ಒಂದು ಭಾಗ. ನಿಮ್ಮ ಆರೋಗ್ಯ ಹೇಗಿದೆ, ಹಗಲಲ್ಲಿ ನಿಮಗೆ ಬಿಡುವು ಸಿಗುತ್ತದೆಯೇ, ಮನಸ್ಸಿನ ಚಿಂತೆ ಹೇಳಿಕೊಳ್ಳಲು ಯಾರಿದ್ದಾರೆ ಎಂಬುದು ಇನ್ನೊಂದು ಭಾಗ. ಪ್ರತಿಯೊಂದಕ್ಕೂ "ಇದರಲ್ಲಿ ನಿಮಗೆ ಇನ್ನಷ್ಟು ನೆರವು ಬೇಕಾ" ಎಂದು ಕೇಳುತ್ತದೆ. "ಏನು ಬೇಕು" ಎಂದರೆ ಉತ್ತರ ಬರುವುದಿಲ್ಲ. ಒಂದೊಂದಾಗಿ ಎದುರಿಗೆ ಇಟ್ಟರೆ ಬೆರಳು ತೋರಿಸುತ್ತಾರೆ. ನಾನು ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ದೂರದಲ್ಲಿದ್ದೇನೆ, ನನ್ನಿಂದ ಏನಾಗುತ್ತದೆ ಎಂದು ಕುಗ್ಗಬೇಡಿ. 2015ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು, ಅದರ ಹೆಸರು ಎನೇಬಲ್ 3. ಮುಂದುವರಿದ ಕ್ಯಾನ್ಸರ್ ಇದ್ದವರನ್ನು ನೋಡಿಕೊಳ್ಳುತ್ತಿದ್ದ 122 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನರ್ಸ್‌ಗಳು ಶುರುವಿನಲ್ಲೇ ಫೋನಿನಲ್ಲಿ ಬೆಂಬಲ ಕೊಟ್ಟರು. ಇನ್ನೊಂದು ಗುಂಪಿಗೆ ಅದೇ ಬೆಂಬಲ ಮೂರು ತಿಂಗಳು ತಡವಾಗಿ. ಬೇಗ ಸಿಕ್ಕವರಲ್ಲಿ ಖಿನ್ನತೆ ಕಡಿಮೆ ಇತ್ತು. ಫೋನಿನಲ್ಲೇ ಆಯಿತು ನೋಡಿ ಇದು. ಹಾಗಾಗಿ ನಿಮ್ಮ ಎಂಟು ಗಂಟೆಯ ಫೋನನ್ನು ನಿಲ್ಲಿಸಬೇಡಿ, ಪ್ರಶ್ನೆಯನ್ನು ಬದಲಿಸಿ.

ಇನ್ನೊಂದು. ನೆಂಟರಿಗೆಲ್ಲ ಸುದ್ದಿ ಹೇಳುವ ಕೆಲಸವನ್ನು ನೀವು ತಗೊಳ್ಳಿ. ಎಲ್ಲರೂ ನಿಮಗೇ ಫೋನ್ ಮಾಡಲಿ. ಅಕ್ಕನ ದಿನದಲ್ಲಿ ಒಂದು ಗಂಟೆ ಅಲ್ಲೇ ಉಳಿಯುತ್ತದೆ.

ಒಬ್ಬಳೇ ಮಗಳು

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್ ಇದ್ದಾಗ ದೂರದಲ್ಲಿದ್ದ ಚಿಕ್ಕಪ್ಪ "ನಿನಗೆ ರೆಸ್ಟ್ ಕೊಡ್ತೀನಿ" ಎಂದು ನಾಲ್ಕು ದಿನಕ್ಕೆ ಬಂದರು. ಬಂದ ದಿನವೇ ಮಂಚದ ದಿಕ್ಕು ಬದಲಿಸಿದರು. ಔಷಧದ ಡಬ್ಬಿಗಳನ್ನು ತಮ್ಮ ಲೆಕ್ಕಕ್ಕೆ ಜೋಡಿಸಿದರು. ಡಾಕ್ಟರಿಗೆ ಫೋನ್ ಮಾಡಿ "ಇನ್ನೊಂದು ಕೀಮೋ ಯಾಕೆ ಕೊಡಬಾರದು" ಎಂದು ಜಗಳ ಆಡಿದರು. ಅಪ್ಪನೇ ಬೇಡ ಎಂದು ತೀರ್ಮಾನಿಸಿ ಒಂದು ತಿಂಗಳಾಗಿತ್ತು. ಐದನೇ ದಿನ ಅವರು ಹೊರಟರು. ಅಪ್ಪನ ಕಣ್ಣಲ್ಲಿ ಮತ್ತೆ ಒಂದು ಆಸೆ ಹುಟ್ಟಿಸಿ ಹೋಗಿದ್ದರು. ಅದನ್ನು ಇಳಿಸುವ ಕೆಲಸ ನನಗೆ ಬಿತ್ತು. ಕಾಯಿಲೆಗಿಂತ ಜಾಸ್ತಿ ಅದು ನನ್ನನ್ನು ಹಿಂಡಿತು.

ನಿಮ್ಮ ಅಕ್ಕನಿಗೆ ಅಮ್ಮನ ಬಗ್ಗೆ ಗೊತ್ತಿರುವುದು ನಿಮಗೆ ಗೊತ್ತಿಲ್ಲ. ಯಾವ ಮಗ್ಗುಲಿಗೆ ನೋವು ಕಡಿಮೆ, ನೀರು ಚಮಚದಲ್ಲೋ ಸ್ಟ್ರಾದಲ್ಲೋ, ಎಲ್ಲ. ಹೋದರೆ ಮೊದಲ ದಿನ ಸುಮ್ನೆ ಅವಳ ಪಕ್ಕ ನಿಂತು ನೋಡಿ. ಅವಳು ಮಾಡುವ ಹಾಗೇ ಮಾಡಿ. ಅವಳಿಂದ ಅಮ್ಮನನ್ನು ಕಿತ್ತುಕೊಂಡ ಹಾಗೆ ಆಗಬಾರದು.

ಹಳೇ ನರ್ಸ್

ತುಂಬಾ ಮುಖ್ಯವಾದ ಮಾತು. ಇದು ಎಷ್ಟು ಸಾಮಾನ್ಯ ಎಂದರೆ ಇದಕ್ಕೊಂದು ಹೆಸರೇ ಇದೆ. ದೂರದಿಂದ ಬಂದು ಎಲ್ಲವನ್ನೂ ಮೊದಲಿನಿಂದ ಶುರು ಮಾಡಿಸುವ ನೆಂಟರನ್ನು "ಕ್ಯಾಲಿಫೋರ್ನಿಯಾದ ಮಗಳು" ಎಂದು ಡಾಕ್ಟರುಗಳು ಕರೆಯುತ್ತಾರೆ. 1991ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲೇ ಇದರ ಬಗ್ಗೆ ಲೇಖನ ಬಂತು. ಆ ಹೆಸರಿನಲ್ಲಿರುವ ಚುಚ್ಚು ನನಗೆ ಇಷ್ಟವಿಲ್ಲ. ಹಾಗೆ ಬಂದವರ ಒಳಗೆ ಇರುವುದು ಜಂಬ ಅಲ್ಲ. ಇಷ್ಟು ದಿನ ಇರಲಿಲ್ಲ ಎಂಬ ತಪ್ಪಿತಸ್ಥ ಭಾವನೆ ಅವರನ್ನು ಹಾಗೆ ಆಡಿಸುತ್ತದೆ. ಆದರೆ ಅದರ ಭಾರ ಮನೆಯಲ್ಲಿದ್ದವರ ಹೆಗಲಿಗೆ ಬೀಳುತ್ತದೆ.

ದೂರದ ತಮ್ಮ

ಎಲ್ಲರಿಗೂ ಥ್ಯಾಂಕ್ಸ್. ಒಬ್ಬಳೇ ಮಗಳು, ನಿಮ್ಮ ಚಿಕ್ಕಪ್ಪನಲ್ಲಿ ನನ್ನನ್ನೇ ಕಂಡೆ. ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ನಿನ್ನೆ ರಾತ್ರಿ ಅಕ್ಕನಿಗೆ ಫೋನ್ ಮಾಡಿ "ನೀನು ಮಲಗಿದ್ದು ಎಷ್ಟು ಹೊತ್ತು" ಎಂದಷ್ಟೇ ಕೇಳಿದೆ. ಸುಮಾರು ಹೊತ್ತು ಮಾತಿಲ್ಲ. ಆಮೇಲೆ ಎರಡು ವಿಷಯ ಹೇಳಿದಳು. ಅಮ್ಮ ಎರಡು ತುತ್ತು ತಿಂದು ಬಾಯಿ ಮುಚ್ಚಿಕೊಳ್ಳುತ್ತಾಳಂತೆ. ಅಕ್ಕ ಬಲವಂತ ಮಾಡುತ್ತಾಳೆ, ಅಮ್ಮ ಮುಖ ತಿರುಗಿಸುತ್ತಾಳೆ, ಇಬ್ಬರೂ ಅಳುತ್ತಾರೆ. "ನನ್ನ ಕೈಯಲ್ಲೇ ಅಮ್ಮ ಹಸಿದು ಹೋಗ್ತಿದಾಳೆ" ಅಂದಳು. ಇನ್ನೊಂದು, ನೋಡಲು ಬಂದ ನೆಂಟರೊಬ್ಬರು "ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆ, ಬೇಗ ಹೋಗಿಬಿಡ್ತಾರೆ" ಅಂದರಂತೆ. ಆಮೇಲಿಂದ ಅವಳು ಒಂದೊಂದು ಡೋಸ್ ಬಿಡುತ್ತಿದ್ದಾಳೆ.

ಹಳೇ ನರ್ಸ್

ಇವೆರಡನ್ನೂ ಅಕ್ಕನಿಗೆ ನಿಧಾನವಾಗಿ ಹೇಳಿ.

ಊಟ ಬಿಟ್ಟದ್ದರಿಂದ ಅಮ್ಮ ಸೊರಗುತ್ತಿದ್ದಾಳೆ ಎಂದು ಅಕ್ಕ ಅಂದುಕೊಂಡಿದ್ದಾಳೆ. ಮುಂದುವರಿದ ಕ್ಯಾನ್ಸರಿನಲ್ಲಿ ನಡೆಯುವುದು ಹೆಚ್ಚಾಗಿ ಅದರ ತಿರುಗುಮುರುಗು. ಕಾಯಿಲೆ ಮೈಯಲ್ಲಿ ಉರಿಯೂತದ ರಾಸಾಯನಿಕಗಳನ್ನು ಎಬ್ಬಿಸುತ್ತದೆ. ಅವು ಹಸಿವನ್ನು ಅಡಗಿಸುತ್ತವೆ, ಮಾಂಸಖಂಡವನ್ನು ಕರಗಿಸುತ್ತವೆ. ಇದಕ್ಕೆ ಕ್ಯಾಕೆಕ್ಸಿಯಾ ಎನ್ನುತ್ತಾರೆ. ಈ ಹಂತದಲ್ಲಿ ಬಲವಂತದಿಂದ ತಿನ್ನಿಸಿದರೂ ಮೈ ತುಂಬಿಕೊಳ್ಳುವುದಿಲ್ಲ. ವಾಂತಿ, ಹೊಟ್ಟೆ ಬಿಗಿತ ಆಗಬಹುದು, ಅಷ್ಟೇ. ಅಮ್ಮ ಕೇಳಿದಾಗ, ಕೇಳಿದಷ್ಟು ಕೊಡಲಿ. ಉಳಿದ ಹೊತ್ತಿನಲ್ಲಿ ಬಾಯಿ ಒಣಗದಂತೆ ಒದ್ದೆ ಸ್ಪಂಜಿನಿಂದ ಒರೆಸಲಿ, ತುಟಿಗೆ ಮುಲಾಮು ಹಚ್ಚಲಿ. ಅಕ್ಕನ ಕೈಗೆ ಆಗ ಒಂದು ಕೆಲಸ ಇರುತ್ತದೆ, ಅದರಿಂದ ಅಮ್ಮನಿಗೂ ಹಿತ. ಅಂಡಾಶಯದ ಕ್ಯಾನ್ಸರಿನಲ್ಲಿ ಕರುಳು ಕಟ್ಟಿಕೊಳ್ಳುವುದು ಜಾಸ್ತಿ. ಪದೇ ಪದೇ ವಾಂತಿ, ಹೊಟ್ಟೆ ಉಬ್ಬರ, ಗಾಳಿ ಕೂಡ ಹೋಗುತ್ತಿಲ್ಲ ಎಂದಾದರೆ ತಕ್ಷಣ ಅಮ್ಮನನ್ನು ನೋಡುವ ಡಾಕ್ಟರ್, ನರ್ಸ್‌ಗಳ ತಂಡಕ್ಕೆ ತಿಳಿಸಿ.

ಮಾರ್ಫಿನ್. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ದಾರಿ ತೋರಿಸಿತು. ಜೋರು ನೋವಿಗೆ ಇರುವ ಮೂರನೇ ಮೆಟ್ಟಿಲು ಮಾರ್ಫಿನ್. ನೋವಿಗೆ ತಕ್ಕಷ್ಟು, ಡಾಕ್ಟರ್ ಹೇಳಿದಷ್ಟು ಕೊಟ್ಟಾಗ ಕ್ಯಾನ್ಸರ್ ನೋವಿನಲ್ಲಿ ಚಟ ಹತ್ತುವುದು ಅಪರೂಪ. ಸರಿಯಾಗಿ ಕೊಟ್ಟರೆ ಸಾವು ಬೇಗ ಬರುವುದೂ ಇಲ್ಲ. ಸಾಮಾನ್ಯ ಸಿರಪ್ಪಿನ ಕೆಲಸ ಸುಮಾರು ನಾಲ್ಕು ಗಂಟೆ. ಅದಕ್ಕೇ ಗಡಿಯಾರ ನೋಡಿ ಕೊಡುವುದು. ಒಂದು ಡೋಸ್ ಬಿಟ್ಟರೆ ನೋವು ಮೇಲೆದ್ದು ಬಿಡುತ್ತದೆ, ಮತ್ತೆ ಅದನ್ನು ಇಳಿಸುವುದು ಕಷ್ಟ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು, ಅದು ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ, ಅದಕ್ಕೆ ಬೇರೆ ಔಷಧ ಬೇಕು. ಅಮ್ಮನ ಕರುಳಿನ ಸ್ಥಿತಿ ನೋಡಿ ಯಾವುದು ಎಂದು ತಂಡದವರೇ ಹೇಳಲಿ. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನ ಎಂದಾದರೆ ಕಾಯದೆ ಫೋನ್ ಮಾಡಿ.

ಅಕ್ಕ ಡೋಸ್ ಬಿಟ್ಟದ್ದು ಪ್ರೀತಿಯಿಂದ. ಅದನ್ನು ಮೊದಲು ಹೇಳಿ, ಆಮೇಲೆ ಉಳಿದದ್ದು.

ಕಿಟಕಿ ಪಕ್ಕ

ಇಲ್ಲಿ ಬರೆಯಬೇಕೋ ಬೇಡವೋ ಗೊತ್ತಿಲ್ಲ. ನಾನು ಈಗ ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದೇನೆ. ಹದಿನಾಲ್ಕು ತಿಂಗಳು. ಕ್ಯಾನ್ಸರ್ ಮಿದುಳಿಗೂ ಹೋಗಿದೆ. ಕೆಲವು ರಾತ್ರಿ ಇದೆಲ್ಲ ಬೇಗ ಮುಗಿಯಲಿ ಅನಿಸುತ್ತದೆ. ಆ ಯೋಚನೆ ಬಂದ ತಕ್ಷಣ ಎದ್ದು ಹೋಗಿ ಅವಳ ಕೈ ಹಿಡಿದು ಕೂರುತ್ತೇನೆ, ಅವಳಿಗೆ ಕೇಳಿಸಿಬಿಟ್ಟಿತೇನೋ ಎಂಬ ಹಾಗೆ. ಯಾರಿಗೂ ಹೇಳಿಲ್ಲ ಇದನ್ನು.

ಮೂರನೇ ಪಾಳಿ

ನನಗೂ ಅನಿಸಿತ್ತು. ಒಂದು ಸಲ ಅಲ್ಲ.

ಒಬ್ಬಳೇ ಮಗಳು

ನನಗೂ. ಅಪ್ಪನ ಮುಖ ಒರೆಸುತ್ತಿರುವಾಗಲೇ ಅನಿಸಿತ್ತು. ಅಪ್ಪ ಹೋಗಲಿ ಎಂದಲ್ಲ ಅದು. ಅವರ ನರಳಾಟ ಮುಗಿಯಲಿ, ನನ್ನ ಹೆದರಿಕೆ ಮುಗಿಯಲಿ ಎಂದು. ನೀವು ಹೇಳಿದ್ದು ಒಳ್ಳೇದಾಯಿತು.

ಹಳೇ ನರ್ಸ್

ಕಿಟಕಿ ಪಕ್ಕ, ಈ ಮಾತನ್ನು ನಾನು ಎಷ್ಟೋ ಅಡುಗೆಮನೆಗಳಲ್ಲಿ ಪಿಸುದನಿಯಲ್ಲಿ ಕೇಳಿದ್ದೇನೆ. ಒಳ್ಳೆಯ ಗಂಡಂದಿರು, ಒಳ್ಳೆಯ ಹೆಂಡತಿಯರು, ಒಳ್ಳೆಯ ಮಕ್ಕಳು ಹೇಳಿದ್ದು. ನೀವು ಅವರಲ್ಲಿ ಒಬ್ಬರು.

ಒಂದೇ ಒಂದು ಕೇಳುತ್ತೇನೆ, ನೇರವಾಗಿ. ಮುಗಿಯಲಿ ಅನಿಸುವುದು ಈ ಪರಿಸ್ಥಿತಿಯಾ, ಅಥವಾ ನಿಮ್ಮ ಜೀವವೂ ಸೇರಿದೆಯಾ? ಬದುಕುವುದೇ ಬೇಡ ಎಂಬ ಯೋಚನೆ ಇದ್ದರೆ ಇವತ್ತೇ ಹತ್ತಿರದ ಒಬ್ಬರಿಗೆ ಹೇಳಿ, ಡಾಕ್ಟರಿಗೆ ಹೇಳಿ. ಹೆಂಡತಿಯ ಡಾಕ್ಟರಿಗೇ ಹೇಳಿದರೂ ಆಗುತ್ತದೆ. ಇಲ್ಲವಾದರೂ ನಿಮ್ಮ ನಿದ್ದೆ, ನಿಮ್ಮ ಬಿಪಿ, ನೀವು ಬಿಟ್ಟಿರುವ ನಿಮ್ಮದೇ ಮಾತ್ರೆಗಳು, ಇವನ್ನು ಯಾರಾದರೂ ನೋಡಬೇಕು. 1999ರಲ್ಲಿ ಬಂದ ಒಂದು ಹೆಸರಾಂತ ಅಧ್ಯಯನ ವಯಸ್ಸಾದ ಗಂಡ ಹೆಂಡಿರನ್ನು ನಾಲ್ಕು ವರ್ಷ ಗಮನಿಸಿತು. ಸಂಗಾತಿಯ ಆರೈಕೆ ಮಾಡುತ್ತಾ ಅದರ ಒತ್ತಡದಲ್ಲಿ ನಲುಗಿದವರು ಸಾಯುವ ಸಾಧ್ಯತೆ, ಆರೈಕೆಯ ಹೊಣೆ ಇಲ್ಲದವರಿಗಿಂತ 63 ಶೇಕಡಾ ಜಾಸ್ತಿ ಇತ್ತು. ಹೆದರಿಸುವುದಕ್ಕೆ ಹೇಳುತ್ತಿಲ್ಲ. ನಿಮ್ಮ ಮೈಯನ್ನು ನೋಡಿಕೊಳ್ಳುವುದು ಸ್ವಾರ್ಥ ಎಂದು ನಿಮಗೆ ಅನಿಸಬಾರದು ಎಂದು ಹೇಳುತ್ತಿದ್ದೇನೆ.

ಕಿಟಕಿ ಪಕ್ಕ

ನನ್ನ ಜೀವ ಸೇರಿಲ್ಲ. ಮಗಳಿದ್ದಾಳೆ. ಆದರೆ ಎರಡು ತಿಂಗಳಿಂದ ನನ್ನ ಸಕ್ಕರೆ ಮಾತ್ರೆ ತಗೊಂಡಿಲ್ಲ. ಇವತ್ತು ತರುತ್ತೇನೆ. ಕೇಳಿದ್ದಕ್ಕೆ ಥ್ಯಾಂಕ್ಸ್ ಸಿಸ್ಟರ್.

ಮೂರನೇ ಪಾಳಿ

ತಮ್ಮನಿಗೆ ಇನ್ನೊಂದು ಮಾತು, ಇದು ಮುಂದಿನದು. ನನ್ನ ಗಂಡ ಹೋದ ಮೇಲೆ ಮೊದಲ ಎರಡು ವಾರ ಮನೆ ತುಂಬ ಜನ. ಆಮೇಲೆ ಯಾರೂ ಇಲ್ಲ. ನರ್ಸ್ ಬರುವುದು ನಿಂತಿತು, ಬಾಡಿಗೆ ಮಂಚ ವಾಪಸ್ ಹೋಯಿತು, ಔಷಧದ ಅಲಾರಾಂ ಮಾತ್ರ ಫೋನಿನಲ್ಲಿ ಉಳಿದಿತ್ತು. ರಾತ್ರಿ ಎರಡಕ್ಕೆ ಅದು ಹೊಡೆಯುತ್ತಿತ್ತು. ಅಳಿಸಲು ಮನಸ್ಸು ಬರಲಿಲ್ಲ. ಮೂರು ತಿಂಗಳು ಹಾಗೇ ಎದ್ದು ಕೂರುತ್ತಿದ್ದೆ. ಬುಧವಾರದ ಗೆಳತಿ ಆಗಲೂ ಬರುತ್ತಿದ್ದಳು. ಎರಡರಿಂದ ಐದು. ನಾವು ಸುಮ್ನೆ ಕೂತಿರುತ್ತಿದ್ದೆವು.

ಅಕ್ಕನಿಗೆ ಆಮೇಲೂ ಎಂಟು ಗಂಟೆಗೆ ಫೋನ್ ಮಾಡಿ. ಮೂರನೇ ತಿಂಗಳಲ್ಲಿ ಮರೆಯಬೇಡಿ.

ದೂರದ ತಮ್ಮ

ಹನ್ನೆರಡು ದಿನ ಆಯಿತು. ಹೋಗಿ ಬಂದೆ. ಏನಾಯಿತು ಎಂದು ಬರೆಯುತ್ತೇನೆ.

ಮೊದಲ ದಿನ ಒಬ್ಬಳೇ ಮಗಳು ಹೇಳಿದ ಹಾಗೆ ಅಕ್ಕನ ಪಕ್ಕ ನಿಂತು ನೋಡಿದೆ. ಅಮ್ಮನನ್ನು ಮಗ್ಗುಲು ತಿರುಗಿಸುವಾಗ ಅಕ್ಕ ಮೊದಲು ತನ್ನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ. ತಣ್ಣನೆ ಕೈ ತಾಗಿದರೆ ಅಮ್ಮ ಬೆಚ್ಚುತ್ತಾಳೆ ಎಂದು ಅವಳಿಗೆ ಗೊತ್ತು. ನಾನು ಅದನ್ನು ನೋಡಿ ಕಲಿತೆ. ಅವಳ ನೋಟ್‌ಬುಕ್ಕಿನಲ್ಲಿ ಐದು ವಾರದ ಒಂದೊಂದು ಡೋಸ್ ಇದೆ. ಬಿಟ್ಟ ಡೋಸಿನ ಪಕ್ಕ ಸಣ್ಣದೊಂದು ಪ್ರಶ್ನೆಚಿಹ್ನೆ ಹಾಕಿದ್ದಳು. ಮಾರ್ಫಿನ್ ವಿಷಯ ಹೇಳಿದೆ. ಮರುದಿನ ಮನೆಗೆ ಬಂದ ಡಾಕ್ಟರೂ ಅದನ್ನೇ ಹೇಳಿದರು, ಡೋಸನ್ನೂ ಸರಿ ಮಾಡಿದರು. ಆ ರಾತ್ರಿಯಿಂದ ಪ್ರಶ್ನೆಚಿಹ್ನೆ ಇಲ್ಲ.

ಎರಡನೇ ರಾತ್ರಿ "ಹತ್ತರಿಂದ ಆರು ನನ್ನದು" ಅಂದೆ. ಅಕ್ಕ ಒಪ್ಪಲಿಲ್ಲ. ಆಮೇಲೆ ಒಪ್ಪಿದಳು, ಆದರೆ ಎರಡು ಗಂಟೆಗೆ ಬಂದು ಬಾಗಿಲಲ್ಲಿ ನಿಂತಿದ್ದಳು. ನಾನು ಸಿರಿಂಜ್ ಹಿಡಿದಿದ್ದೆ. ಗೆರೆ ಸರಿ ಇದೆಯಾ ಎಂದು ದೂರದಿಂದಲೇ ನೋಡಿದಳು. ತಲೆ ಆಡಿಸಿ ಹೋದಳು. ಮೂರನೇ ರಾತ್ರಿ ಬರಲಿಲ್ಲ. ಬೆಳಗ್ಗೆ ಒಂಬತ್ತಾದರೂ ಏಳಲಿಲ್ಲ. ಅಮ್ಮ ಕಣ್ಣು ಬಿಟ್ಟು "ಅವಳೆಲ್ಲಿ" ಅಂದಳು. ಮಲಗಿದ್ದಾಳೆ ಅಂದೆ. "ಎಬ್ಬಿಸಬೇಡ" ಅಂದಳು ಅಮ್ಮ. ಎರಡು ಸಲ ಹೇಳಿದಳು.

ಊಟದ ಬಲವಂತ ನಿಂತಿದೆ. ಅಕ್ಕ ಈಗ ಸ್ಪಂಜ್ ಅದ್ದಿ ಅಮ್ಮನ ತುಟಿ ಒರೆಸುತ್ತಾ ಹಳೆಯದೇನಾದರೂ ಮಾತಾಡುತ್ತಾಳೆ. ಅಮ್ಮ ಮುಖ ತಿರುಗಿಸುವುದಿಲ್ಲ.

ಈಗ ಎರಡು ವಾರಕ್ಕೊಮ್ಮೆ ನಾಲ್ಕು ರಾತ್ರಿ ನನ್ನವು. ಕ್ಯಾಲೆಂಡರಿನಲ್ಲಿ ಬರೆದಿದ್ದೇವೆ. ನೆಂಟರ ಫೋನೆಲ್ಲ ನನಗೇ ಬರುತ್ತದೆ. ಪಕ್ಕದ ಮನೆಯವರು ಶನಿವಾರ ಮಧ್ಯಾಹ್ನ ಕೂರುತ್ತಾರೆ, ಅವರನ್ನು ಕೇಳಿದ್ದೂ ನಾನೇ. ಅಕ್ಕನಿಗೆ ಕೇಳಲು ಬಾಯಿ ಬಂದಿರಲಿಲ್ಲ.

ನಿನ್ನೆ ಎಂಟಕ್ಕೆ ಫೋನ್ ಮಾಡಿದೆ. ನಾನು ಬಾಯಿ ಬಿಡುವ ಮೊದಲೇ ಅವಳು "ಐದೂವರೆ ಗಂಟೆ" ಅಂದಳು.